ಗಾಡಿ ಮೊದಲೋ, ಲೈಸೆನ್ಸ್ ಮೊದಲೋ?

ಸೊರಬ ಕಡೆಯ ಉಮ್ಮ ಒಬ್ಬರು ಹೋದ ವಾರ ನಮಗೆ ಫೋನ್ ಮಾಡಿದ್ದರು. ಮಗನಿಗೆ ಬರುವ ತಿಂಗಳು ಹದಿನೆಂಟು ತುಂಬುತ್ತದೆ. ಅವನ ಉಪ್ಪ ಜುಬೈಲಿನಲ್ಲಿದ್ದಾರೆ, ರಜೆಗೆ ಬರಲು ಇನ್ನೂ ಎಂಟು ತಿಂಗಳಿದೆ. ‘ಡ್ರೈವಿಂಗ್ ಟೆಸ್ಟಿಗೆ ಯಾವಾಗ ಡೇಟ್ ತಗೊಳ್ಳೋದು, ಅಷ್ಟರಲ್ಲಿ ಅವನು ಏನೇನು ಕಲಿತಿರಬೇಕು, ನಂಗೊಂದೂ ಗೊತ್ತಾಗ್ತಿಲ್ಲ. ನಿಮ್ಮ ಪುಟದಲ್ಲಿ ಬರೆದ್ರೆ ನಮ್ಮಂಥವರಿಗೆ ಉಪಕಾರ ಆಗ್ತದೆ’ ಎಂದರು.

ಕೇಳಿ ನಮಗೆ ಸಂತೋಷವೇ ಆಯಿತು. ಗಾಡಿ ವಿಷಯದಲ್ಲಿ ನಮ್ಮವರಿಂದ ಸಾಮಾನ್ಯವಾಗಿ ಬರುವ ಫೋನೇ ಬೇರೆ. ‘ಹುಡುಗನ ಬೈಕ್ ಸ್ಟೇಷನ್ನಿನಲ್ಲಿದೆ, ಯಾರಾದರೂ ಪರಿಚಯದವರು ಇದ್ದಾರಾ?’ ಅಥವಾ ಅದಕ್ಕಿಂತ ಕೆಟ್ಟದ್ದು: ‘ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ, ರಕ್ತ ಬೇಕಾಗಬಹುದು.’ ಟೆಸ್ಟಿಗೆ ಮೊದಲು ಏನು ತಯಾರಿ ಮಾಡಬೇಕು ಎಂದು ಕೇಳಿದವರು ಬೆರಳೆಣಿಕೆ. ಆದ್ದರಿಂದ ಈ ವಾರ ಬೇರೆಲ್ಲ ವಿಷಯ ಬದಿಗಿಟ್ಟು ಇದನ್ನೇ ಬರೆಯುತ್ತಿದ್ದೇವೆ.

ನಮ್ಮ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬದ ಮನೆಗಳಲ್ಲಿ ನಡೆಯುವುದೇನು ಎಂದು ಎಲ್ಲರಿಗೂ ಗೊತ್ತು. ಘಟ್ಟ ಹತ್ತಿ ಬಂದು ಇಲ್ಲಿ ನೆಲೆ ನಿಂತ ಮನೆತನಗಳು ನಮ್ಮವು. ಅಂಗಡಿಯೋ, ಅಡಿಕೆ ವ್ಯಾಪಾರವೋ, ಶುಂಠಿಯೋ, ಮೀನಿನ ಪಿಕಪ್ಪೋ, ಯಾವುದಾದರೊಂದು ಗಾಡಿಯ ಮೇಲೆಯೇ ಸಂಸಾರ ನಡೆಯುತ್ತದೆ. ಮನೆಯಲ್ಲಿ ಗಂಡಸರಿಲ್ಲ, ಇದ್ದವರು ಗಲ್ಫಿನಲ್ಲಿ. ಹಾಲು ತರಬೇಕು, ವೆಲ್ಲಿಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ತಂಗಿಯನ್ನು ಮದ್ರಸಕ್ಕೆ ಬಿಡಬೇಕು. ಹತ್ತನೇ ಕ್ಲಾಸಿನ ಹುಡುಗ ಮೊದಲು ಅಂಗಳದಲ್ಲಿ ಓಡಿಸುತ್ತಾನೆ, ಆಮೇಲೆ ಕೇರಿಯಲ್ಲಿ, ಆಮೇಲೆ ಮೇನ್ ರೋಡಿನಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದರೆ ಬೈಕ್ ಎಂದು ಉಪ್ಪ ಫೋನಿನಲ್ಲೇ ಮಾತು ಕೊಟ್ಟಿರುತ್ತಾರೆ. ಬೈಕ್ ಬರುತ್ತದೆ. ಲೈಸೆನ್ಸ್? ‘ಹದಿನೆಂಟಾದ ಮೇಲೆ ಮಾಡಿಸಿದ್ರಾಯ್ತು ಬಿಡಿ.’

ಉಮ್ಮಂದಿರನ್ನು ದೂರಲು ನಮಗೆ ಮನಸ್ಸಿಲ್ಲ. ಸೊರಬದ ಒಳ ಊರಿನಿಂದ ರಾತ್ರಿ ಒಂಬತ್ತಕ್ಕೆ ಬಸ್ಸಿಲ್ಲ, ಆಟೋದವರು ಕೇಳಿದ ಬಾಡಿಗೆ ಕೊಡಬೇಕು. ಕಷ್ಟ ನಿಜವೇ. ಆದರೆ ಆ ಕಷ್ಟಕ್ಕೆ ಹದಿನೈದು ವರ್ಷದ ಹುಡುಗನ ಕೈಗೆ ಕೀಲಿ ಕೊಡುವುದೇ ಪರಿಹಾರ ಎಂಬುದನ್ನು ನಾವು ಒಪ್ಪುವುದಿಲ್ಲ.

ಮೊದಲಿಗೆ ಒಂದೆರಡು ತಪ್ಪು ತಿಳಿವಳಿಕೆ ದೂರ ಮಾಡೋಣ. ‘ಹದಿನಾರಕ್ಕೇ ಲೈಸೆನ್ಸ್ ಸಿಗ್ತದಲ್ಲ’ ಎಂದು ತುಂಬಾ ಜನ ಹೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಹದಿನಾರರ ಮಾತು ಇರುವುದು ಹೌದು. ಆದರೆ ಅದು 50 ಸಿಸಿ ಮೀರದ ಗಾಡಿಗೆ, ಅದೂ ತಂದೆತಾಯಿಯ ಒಪ್ಪಿಗೆ ಸಹಿ ಇದ್ದರೆ. ಇವತ್ತು ನಮ್ಮ ಪೇಟೆಯ ಶೋರೂಮಿನಲ್ಲಿ 50 ಸಿಸಿ ಗಾಡಿ ಎಲ್ಲಿದೆ? ಸ್ಕೂಟರುಗಳೆಲ್ಲ 110, 125. ತೋಟಕ್ಕೆ, ಮೀನು ಮಾರಲು ಎಲ್ಲರೂ ಇಟ್ಟುಕೊಂಡಿರುವ ಎಕ್ಸ್‌ಎಲ್ ಕೂಡ ಈಗ 100 ಸಿಸಿ ಹತ್ತಿರದ್ದು. ‘ಎಕ್ಸ್‌ಎಲ್‌ಗೆ ಲೈಸೆನ್ಸ್ ಬೇಡ’ ಅನ್ನುವುದು ಶುದ್ಧ ಸುಳ್ಳು. ಕರೆಂಟ್ ಸ್ಕೂಟರ್ ವಿಷಯದಲ್ಲೂ ಹಾಗೆಯೇ: ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇರುವ ಸಣ್ಣ ಗಾಡಿಗೆ ಮಾತ್ರ ವಿನಾಯಿತಿ. ನಲವತ್ತು, ಐವತ್ತರಲ್ಲಿ ಓಡುವುದಕ್ಕೆ ನಂಬರ್ ಪ್ಲೇಟೂ ಬೇಕು, ಲೈಸೆನ್ಸೂ ಬೇಕು. ಅಂಗಡಿಯವನು ಏನೇ ಹೇಳಲಿ, ಸ್ಟೇಷನ್ನಿನಲ್ಲಿ ನಿಮ್ಮ ಜೊತೆ ಬಂದು ನಿಲ್ಲುವವನು ಅವನಲ್ಲ.

ಇನ್ನು ಕಾಯ್ದೆ. 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಹೊಸ ಕಲಂ ಸೇರಿತು. ಅದನ್ನು ಪ್ರತಿಯೊಬ್ಬ ತಂದೆಯೂ ಒಮ್ಮೆ ಓದಿಸಿ ಕೇಳಿಸಿಕೊಳ್ಳಬೇಕು. ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ನಡೆದರೆ ಪೋಷಕ ಅಥವಾ ಗಾಡಿಯ ಮಾಲೀಕನೇ ಹೊಣೆ. ಮೂರು ವರ್ಷದ ತನಕ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ತಾನು ಎಲ್ಲ ಪ್ರಯತ್ನ ಮಾಡಿದ್ದೆ ಎಂದು ರುಜುವಾತು ಮಾಡುವ ಭಾರ ಪೋಷಕನ ಮೇಲೆಯೇ. ದಿನಾ ಬೆಳಗ್ಗೆ ಅದೇ ಬೈಕಿನಲ್ಲಿ ಹಾಲು ತರಿಸಿಕೊಂಡ ಮನೆಯವರು ಕೋರ್ಟಿನಲ್ಲಿ ಅದನ್ನು ಹೇಗೆ ಹೇಳುತ್ತಾರೆ?

ದಂಡವನ್ನು ಹೇಗೋ ಕಟ್ಟಿಬಿಡಬಹುದು. ನಮ್ಮ ಮನೆಗಳಿಗೆ ನಿಜವಾಗಿ ತಟ್ಟುವುದು ಅದೇ ಕಲಮಿನ ಇನ್ನೊಂದು ಮಾತು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಯೋಚನೆ ಮಾಡಿ. ನಮ್ಮ ಹುಡುಗರು ಗಲ್ಫಿಗೆ ಹೋಗುವುದೇ ಇಪ್ಪತ್ತು, ಇಪ್ಪತ್ತೆರಡರಲ್ಲಿ. ಸೇಲ್ಸ್‌ಮನ್ ಕೆಲಸವಾಗಲಿ, ಡೆಲಿವರಿಯಾಗಲಿ, ಮನೆ ಡ್ರೈವರ್ ಆಗಲಿ, ಮೊದಲು ಕೇಳುವುದೇ ಲೈಸೆನ್ಸ್ ಇದೆಯಾ ಅಂತ. ದುಬೈಯಲ್ಲಿ ಊರಿನ ಲೈಸೆನ್ಸ್ ಹಳೆಯದಾದಷ್ಟೂ ಅಲ್ಲಿಯ ಟ್ರೈನಿಂಗ್ ಕ್ಲಾಸುಗಳ ಸಂಖ್ಯೆ ಕಡಿಮೆಯಾಗುತ್ತದೆ, ಅಷ್ಟು ದಿರ್ಹಮ್ ಉಳಿಯುತ್ತದೆ. ಹದಿನೆಂಟಕ್ಕೇ ಸರಿಯಾಗಿ ಲೈಸೆನ್ಸ್ ಮಾಡಿಸಿಕೊಂಡವನು ಇಪ್ಪತ್ತಮೂರಕ್ಕೆ ಐದು ವರ್ಷದ ಅನುಭವ ತೋರಿಸುತ್ತಾನೆ. ಹದಿನಾರರಲ್ಲಿ ಸಿಕ್ಕಿಬಿದ್ದವನು ಇಪ್ಪತ್ತೈದರ ತನಕ ಇನ್ನೊಬ್ಬರ ಪಕ್ಕದ ಸೀಟಿನಲ್ಲಿ ಕೂರುತ್ತಾನೆ.

ಇನ್ಶೂರೆನ್ಸ್ ಇದೆಯಲ್ಲ ಅನ್ನುವವರಿಗೂ ಒಂದು ಮಾತು. ಲೈಸೆನ್ಸ್ ಇಲ್ಲದವನು ಓಡಿಸಿ ಮೂರನೆಯವರಿಗೆ ಪೆಟ್ಟಾದರೆ ನ್ಯಾಯಮಂಡಳಿ ಸಾಮಾನ್ಯವಾಗಿ ಮೊದಲು ವಿಮಾ ಕಂಪನಿಯಿಂದ ಪರಿಹಾರ ಕೊಡಿಸುತ್ತದೆ. ಪೆಟ್ಟಾದ ಕುಟುಂಬ ಬೀದಿಗೆ ಬೀಳಬಾರದಲ್ಲ. ಆಮೇಲೆ ಕಂಪನಿ ಆ ಹಣವನ್ನು ಆರ್‌ಸಿಯಲ್ಲಿ ಹೆಸರಿರುವವರಿಂದ ವಸೂಲು ಮಾಡುತ್ತದೆ. ಆರ್‌ಸಿ ಯಾರ ಹೆಸರಿನಲ್ಲಿದೆ? ದಮ್ಮಾಮಿನಲ್ಲಿರುವ ಉಪ್ಪನ ಹೆಸರಿನಲ್ಲಿ, ಇಲ್ಲವೇ ಬೈಕ್ ಹತ್ತಿಯೇ ಗೊತ್ತಿಲ್ಲದ ಉಪ್ಪಾಪನ ಹೆಸರಿನಲ್ಲಿ. ದುಡಿಯುತ್ತಿದ್ದ ಒಬ್ಬ ಮನುಷ್ಯ ತೀರಿಕೊಂಡರೆ ಪರಿಹಾರದ ಮೊತ್ತ ಲಕ್ಷಗಳ ಲೆಕ್ಕ. ಹತ್ತು ವರ್ಷ ಮರಳುಗಾಡಿನಲ್ಲಿ ದುಡಿದು ತೆಗೆದ ಎರಡು ಎಕರೆ ಅಡಿಕೆ ತೋಟ ಅದಕ್ಕೆ ಹೋಗಬಹುದು. ಗಾಡಿ ಮಾಲೀಕನಿಗೆಂದು ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆಯೂ ಓಡಿಸುವವನ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ ಕೈಗೆ ಬರುವುದು.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳ ಜೀವ ತೆಗೆದದ್ದು ಎಲ್ಲರಿಗೂ ನೆನಪಿದೆ. ಹುಡುಗನ ತಂದೆ ಬಂಧನಕ್ಕೊಳಗಾದರು. ಅದು ಕೋಟಿಯ ಕಾರು, ದೊಡ್ಡವರ ಮನೆ ಎಂದು ನಾವು ಟೀವಿ ನೋಡಿ ಸುಮ್ಮನಾದೆವು. ಕಾಯ್ದೆಗೆ ಪೋರ್ಷೆಯೂ ಒಂದೇ, ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರೂ ಒಂದೇ.

ಇಷ್ಟು ಸಾಕು. ಆ ಉಮ್ಮ ಕೇಳಿದ್ದು ಇದನ್ನಲ್ಲ, ದಾರಿ ಯಾವುದು ಎಂದು ಕೇಳಿದ್ದಾರೆ.

ಮೊದಲ ಕೆಲಸ ಹುಟ್ಟಿದ ದಿನಕ್ಕಿಂತ ಎರಡು ತಿಂಗಳು ಮುಂಚೆಯೇ ಶುರುವಾಗಬೇಕು, ಅದು ಕಾಗದದ ಕೆಲಸ. ಇಲ್ಲಿ ನಮ್ಮ ಸಮುದಾಯಕ್ಕೆ ಮಾತ್ರ ಇರುವ ಒಂದು ತಲೆನೋವಿದೆ: ಹೆಸರು. ಜನನ ಪತ್ರದಲ್ಲಿ ಮೊಹಮ್ಮದ್, ಮಾರ್ಕ್ಸ್ ಕಾರ್ಡಿನಲ್ಲಿ ಮಹಮ್ಮದ್, ಆಧಾರಿನಲ್ಲಿ ಬರೀ ಎಂ.ಡಿ., ಪಾಸ್‌ಪೋರ್ಟ್ ಮಾಡಿಸುವಾಗ ಮುಹಮ್ಮದ್. ಒಂದರಲ್ಲಿ ತಂದೆಯ ಹೆಸರು ಕೊನೆಗೆ ಸೇರಿದೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ‘ಬ್ಯಾರಿ’ ಇದೆ, ಇನ್ನೊಂದರಲ್ಲಿ ಬಿಟ್ಟುಹೋಗಿದೆ. ಲೈಸೆನ್ಸಿನ ಅರ್ಜಿ ಆಧಾರ್ ಮೂಲಕ ಹೋದರೆ ಆಧಾರಿನಲ್ಲಿ ಇದ್ದ ಹೆಸರೇ ಕಾರ್ಡಿಗೆ ಬರುತ್ತದೆ. ಆ ಕಾರ್ಡು ನಾಳೆ ಪಾಸ್‌ಪೋರ್ಟಿನ ಜೊತೆ ತಾಳೆಯಾಗದಿದ್ದರೆ ಗಲ್ಫಿನ ಕೌಂಟರಿನಲ್ಲಿ ನಿಂತು ಬೆವರಬೇಕಾದವನು ಹುಡುಗ. ಹಾಗಾಗಿ ಮೊದಲು ಮಾರ್ಕ್ಸ್ ಕಾರ್ಡನ್ನೂ ಆಧಾರನ್ನೂ ಅಕ್ಕಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ. ವ್ಯತ್ಯಾಸ ಇದ್ದರೆ ಆಧಾರ್ ತಿದ್ದಿಸಿ, ಆಮೇಲೆ ಮುಂದಿನ ಹೆಜ್ಜೆ.

ಎರಡನೆಯದು ಓಟಿಪಿ. ಮಗನ ಆಧಾರಿಗೆ ಕೊಟ್ಟಿರುವ ನಂಬರು ಯಾರದ್ದು? ಬಹಳ ಮನೆಗಳಲ್ಲಿ ಉಪ್ಪನದ್ದು. ಸಿಮ್ ಕಾರ್ಡು ಜುಬೈಲಿನಲ್ಲಿ ಅವರ ಹಳೇ ಫೋನಿನೊಳಗಿದೆ, ಅವರು ಡ್ಯೂಟಿಯಲ್ಲಿದ್ದಾರೆ, ಇಲ್ಲಿ ಸೈಬರ್ ಅಂಗಡಿಯಲ್ಲಿ ಹುಡುಗ ಬಾಯಿ ಬಿಟ್ಟುಕೊಂಡು ಕೂತಿದ್ದಾನೆ. ಇದು ನಗುವ ಮಾತಲ್ಲ, ಇದೊಂದರಿಂದಲೇ ತಿಂಗಳುಗಟ್ಟಲೆ ಅರ್ಜಿ ಮುಂದೆ ಹೋಗದ ಮನೆಗಳಿವೆ. ನಂಬರನ್ನು ಮಗನ ಸ್ವಂತ ಸಿಮ್ಮಿಗೆ ಮೊದಲೇ ಬದಲಾಯಿಸಿಕೊಳ್ಳಿ.

ಹದಿನೆಂಟು ತುಂಬಿದ ಮೇಲೆ ಸಾರಥಿ ಜಾಲತಾಣದಲ್ಲಿ ಕಲಿಕಾ ಲೈಸೆನ್ಸಿಗೆ, ಅಂದರೆ ಎಲ್‌ಎಲ್‌ಗೆ ಅರ್ಜಿ. ಆಧಾರ್ ಮೂಲಕವಾದರೆ ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು, ಕನ್ನಡದಲ್ಲೂ ಇದೆ. ರಸ್ತೆ ಚಿಹ್ನೆ, ಸಿಗ್ನಲ್, ಯಾರಿಗೆ ದಾರಿ ಬಿಡಬೇಕು, ಅಪಘಾತವಾದರೆ ಡ್ರೈವರಿನ ಕರ್ತವ್ಯ ಏನು, ಇಂಥವೇ ಪ್ರಶ್ನೆಗಳು. ನೂರಕ್ಕೆ ಅರವತ್ತು ಬಂದರೆ ಪಾಸು. ಇಲ್ಲೊಂದು ಕಿವಿಮಾತು: ಹುಡುಗ ಕ್ಯಾಮೆರಾದ ಮುಂದೆ ಮುಖ ತೋರಿಸಿ ಕೂರುವುದು, ಪಕ್ಕದಲ್ಲಿ ಇನ್ನೊಬ್ಬ ಉತ್ತರ ಒತ್ತುವುದು ಎಲ್ಲ ಕಡೆ ನಡೆಯುತ್ತದೆ. ಹಾಗೆ ಎಲ್‌ಎಲ್ ಪಡೆದವನಿಗೆ ಟೆಸ್ಟ್ ದಿನ ಚಿಹ್ನೆ ತೋರಿಸಿ ‘ಇದೇನಪ್ಪಾ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಮುಂದೆ ಶಾಲೆಯಿದೆ ಎಂಬ ಬೋರ್ಡು ಅವನ ಕಣ್ಣಿಗೆ ಬರೀ ತಗಡಾಗಿಯೇ ಉಳಿಯುತ್ತದೆ.

ಈಗ ದಿನಾಂಕದ ಲೆಕ್ಕ. ಎಲ್‌ಎಲ್ ಸಿಕ್ಕಿ 30 ದಿನ ಕಳೆಯದೆ ಟೆಸ್ಟಿಗೆ ಹೋಗುವಂತಿಲ್ಲ. ಎಲ್‌ಎಲ್‌ನ ಆಯುಷ್ಯ ಆರು ತಿಂಗಳು. ಅಂದರೆ ನಿಮ್ಮ ಕೈಯಲ್ಲಿ ಐದು ತಿಂಗಳ ಅವಕಾಶ ಇದೆ. ಮೂವತ್ತೊಂದನೇ ದಿನಕ್ಕೇ ಓಡುವುದೂ ಬೇಡ, ಆರನೇ ತಿಂಗಳ ಕೊನೆಯ ವಾರದ ತನಕ ಎಳೆಯುವುದೂ ಬೇಡ. ಒಂದು ಸಲ ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಈ ದಿನಗಳಿಗೆಲ್ಲ ಜಾಗ ಇಟ್ಟುಕೊಂಡು ಎರಡನೇ ಅಥವಾ ಮೂರನೇ ತಿಂಗಳಲ್ಲಿ ಸ್ಲಾಟ್ ತೆಗೆದುಕೊಳ್ಳುವುದು ಜಾಣತನ.

ನಮ್ಮ ಮಲೆನಾಡಿನ ಲೆಕ್ಕ ಬೇರೆಯೇ ಇದೆ. ದ್ವಿತೀಯ ಪಿಯುಸಿ ಹುಡುಗರಿಗೆ ಪರೀಕ್ಷೆ ಮುಗಿದ ಕೂಡಲೇ ಎಲ್‌ಎಲ್, ಏಪ್ರಿಲ್ ಮತ್ತು ಮೇ ಪೂರ್ತಿ ಕಲಿಕೆ, ಮಳೆ ಹಿಡಿಯುವ ಮೊದಲು ಟೆಸ್ಟ್. ಇದು ಎಲ್ಲಕ್ಕಿಂತ ಒಳ್ಳೆಯ ವೇಳಾಪಟ್ಟಿ. ಜೂನ್ ಕಳೆದರೆ ಸೊರಬ, ಸಾಗರದ ಕಡೆ ಕಲಿಯುವವನಿಗೆ ರಸ್ತೆಯೂ ಕಾಣುವುದಿಲ್ಲ, ಗುಂಡಿಯೂ ಕಾಣುವುದಿಲ್ಲ. ಮಳೆಗಾಲದಲ್ಲೇ ಹದಿನೆಂಟು ತುಂಬಿದವರು ಎಲ್‌ಎಲ್ ಅನ್ನು ಸೆಪ್ಟೆಂಬರಿಗೆ ಇಟ್ಟುಕೊಂಡರೆ ನಷ್ಟವೇನಿಲ್ಲ. ರಮಝಾನಿನಲ್ಲಿ ಟೆಸ್ಟ್ ಬಂದರೆ ಬೆಳಗಿನ ಹೊತ್ತಿನದೇ ಸಿಗುವಂತೆ ನೋಡಿ. ಸಹರಿಗೆ ಎದ್ದು ನಿದ್ದೆಗೆಟ್ಟು, ಬಿಸಿಲಿನಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತವನ ಕೈ ಹ್ಯಾಂಡಲ್ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಶುಕ್ರವಾರವೂ ಅಷ್ಟೇ, ಜುಮಾ ತಪ್ಪೀತು ಎಂಬ ಗಡಿಬಿಡಿಯಲ್ಲಿ ಟೆಸ್ಟ್ ಕೊಡಬಾರದು. ಸೊರಬದವರು ಸಾಗರಕ್ಕೆ ಸುಮಾರು ಮೂವತ್ತು ಕಿ.ಮೀ. ಹೋಗಬೇಕು. ಸ್ಲಾಟ್ ಹತ್ತಕ್ಕಿದ್ದರೆ ಮನೆಯಿಂದ ಏಳೂವರೆಗೇ ಹೊರಡಿ. ಇನ್ನೊಂದು ಮಾತು: ಟೆಸ್ಟಿನ ಗಾಡಿಯನ್ನು ಹುಡುಗ ಒಬ್ಬನೇ ಓಡಿಸಿಕೊಂಡು ಹೋಗುವ ಹಾಗಿಲ್ಲ. ಕಲಿಕಾ ಲೈಸೆನ್ಸಿನವನ ಜೊತೆ ಲೈಸೆನ್ಸ್ ಇರುವ ಕಲಿಸುವವರು ಇರಲೇಬೇಕು. ಬೈಕಿನಲ್ಲಾದರೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಗಾಡಿಯ ಮುಂದೂ ಹಿಂದೂ ಬಿಳಿ ಚೌಕದ ಮೇಲೆ ಕೆಂಪು ‘ಎಲ್’ ಇರಬೇಕು. ಅದನ್ನು ಅಂಟಿಸಲು ನಮ್ಮ ಹುಡುಗರಿಗೆ ಭಾರೀ ನಾಚಿಕೆ. ಲೈಸೆನ್ಸ್ ಇಲ್ಲದೆ ಓಡಿಸುವಾಗ ಆ ನಾಚಿಕೆ ಎಲ್ಲಿರುತ್ತದೋ!

ಯಾವ ಗಾಡಿಯಲ್ಲಿ ಟೆಸ್ಟ್ ಕೊಡುತ್ತೀರಿ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಗಿಯರ್ ಇಲ್ಲದ ಸ್ಕೂಟರಿನಲ್ಲಿ ಕೊಟ್ಟರೆ ಬರುವುದು ಗಿಯರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ. ಅದನ್ನಿಟ್ಟುಕೊಂಡು ಕಾಕನ ಬೈಕ್ ಓಡಿಸಿದರೆ ಮತ್ತೆ ಹಳೆಯ ಕಥೆಯೇ. ಕಾರಿಗೂ ಒಟ್ಟಿಗೆ ಅರ್ಜಿ ಹಾಕಬಹುದು. ಆದರೆ ಎರಡನ್ನೂ ಒಟ್ಟಿಗೆ ಕಲಿಯಲು ಸಮಯ ಇದೆಯೇ ನೋಡಿಕೊಳ್ಳಿ. ವ್ಯಾಪಾರದ ಮನೆಯವರಿಗೆ ಇನ್ನೊಂದು ವಿಷಯ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದು, ಅದಕ್ಕೆ ಬೇರೆ ಅನುಮತಿ ಬೇಡ ಎಂದು ತೀರ್ಪು ಕೊಟ್ಟಿದೆ. ಪಿಕಪ್ ಇಟ್ಟುಕೊಂಡವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಸರಕು ವಾಹನಕ್ಕೆ ಕಾಯ್ದೆ ಹೇಳುವ ವಯಸ್ಸು 20. ಹದಿನೆಂಟಕ್ಕೆ ಕಾರಿನ ಲೈಸೆನ್ಸ್ ಬಂತೆಂದು ಮರುದಿನವೇ ಮಗನನ್ನು ಮೀನಿನ ಪಿಕಪ್ಪಿನಲ್ಲಿ ಕೂರಿಸಬೇಡಿ.

ಕಲಿಸುವ ವಿಷಯಕ್ಕೆ ಬಂದರೆ, ನಮ್ಮ ಹುಡುಗರಿಗೆ ಕಲಿಯುವುದಕ್ಕಿಂತ ಕಲಿತದ್ದನ್ನು ಮರೆಯುವುದೇ ಕಷ್ಟ. ಹದಿನಾಲ್ಕರಿಂದ ಓಡಿಸುತ್ತಿರುವವನಿಗೆ ‘ಎಂಟು’ ಹಾಕುವುದು ನೀರು ಕುಡಿದ ಹಾಗೆ ಅನಿಸುತ್ತದೆ. ಆದರೆ ಅವನು ಫೇಲಾಗುವುದು ಅಲ್ಲಿಯೇ: ಎರಡು ಬೆರಳು ಕ್ಲಚ್ಚಿನ ಮೇಲೆ, ಒಂದು ಕಾಲು ಹೊರಗೆ, ಕಣ್ಣು ಮುಂದಿನ ಚಕ್ರದ ಮೇಲೆ. ಕನ್ನಡಿ ನೋಡುವ ಅಭ್ಯಾಸವೇ ಇಲ್ಲ, ಕೆಲವು ಬೈಕಿಗೆ ಕನ್ನಡಿಯೇ ಇಲ್ಲ. ಟೆಸ್ಟಿನಲ್ಲಿ ನೋಡುವುದು ಗಾಡಿ ಬೀಳಿಸದೆ ತಿರುಗಿಸಿದನೇ ಎಂಬುದೊಂದನ್ನೇ ಅಲ್ಲ. ಹೊರಡುವ ಮೊದಲು ಹಿಂದೆ ನೋಡಿದನೇ, ಸಿಗ್ನಲ್ ಕೊಟ್ಟನೇ, ತಿರುವಿನಲ್ಲಿ ನಿಧಾನ ಮಾಡಿದನೇ, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹೊರಟನೇ, ಕಾರಾದರೆ ಹಿಂದಕ್ಕೆ ತೆಗೆದು ಸಣ್ಣ ಜಾಗದಲ್ಲಿ ತಿರುಗಿಸಬಲ್ಲನೇ, ಇವೆಲ್ಲ ನಿಯಮದಲ್ಲಿ ಬರೆದಿರುವ ಪರೀಕ್ಷೆಗಳು. ಇವನ್ನು ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಮಾಡಿಸಿ. ಕಲಿಸುವವರು ಮಾವನೋ ಕಾಕನೋ ಆಗಿದ್ದರೆ ಬೈಗುಳ ಕಡಿಮೆ ಇರಲಿ. ಹೆದರಿದವನು ಬ್ರೇಕಿನ ಬದಲು ಆಕ್ಸಿಲರೇಟರ್ ತಿರುಗಿಸುತ್ತಾನೆ.

ಟೆಸ್ಟ್ ಮೈದಾನದಲ್ಲಿ ಇಲ್ಲದ, ನಮ್ಮ ರಸ್ತೆಯಲ್ಲಿ ಮಾತ್ರ ಇರುವ ಪಾಠಗಳೂ ಇವೆ. ಸುಗ್ಗಿಯಲ್ಲಿ ಶಿಕಾರಿಪುರದ ರಸ್ತೆಗಳ ಅರ್ಧ ಭಾಗದಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ. ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ, ಕತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ. ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಶುಂಠಿ, ಅಡಿಕೆ ತುಂಬಿದ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದೆ ದೀಪ ಇರುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬ ಶುರುವಾಗುತ್ತದೆ. ಆಗ ಹಳ್ಳಿ ಹಳ್ಳಿಯಲ್ಲೂ ರಸ್ತೆ ತುಂಬ ಜನ, ಮಧ್ಯೆ ಬೆದರಿದ ಹೋರಿ. ಆ ದಿನ ಆ ದಾರಿಯಲ್ಲಿ ಗಾಡಿ ತಗೊಂಡು ಹೋಗದಿರುವುದೂ ಡ್ರೈವಿಂಗಿನ ಒಂದು ಬುದ್ಧಿಯೇ. ಮಳೆಗಾಲದಲ್ಲಿ ಡಾಂಬರಿನ ಅಂಚು ಕೊಚ್ಚಿಹೋಗಿ ಕೆಂಪು ಮಣ್ಣಿಗೂ ರಸ್ತೆಗೂ ಗೇಣುದ್ದ ವ್ಯತ್ಯಾಸ ಇರುತ್ತದೆ. ಎದುರಿಂದ ಬಸ್ಸು ಬಂತೆಂದು ಅಂಚಿಗಿಳಿದ ಹೊಸಬ ಮತ್ತೆ ಮೇಲೆ ಹತ್ತಿಸಲು ಹೋಗಿ ಬೀಳುತ್ತಾನೆ. ಇದನ್ನೆಲ್ಲ ಯಾವ ಜಾಲತಾಣವೂ ಕಲಿಸುವುದಿಲ್ಲ, ಪಕ್ಕದಲ್ಲಿ ಕೂತವರು ತೋರಿಸಿ ಹೇಳಬೇಕು.

ಹೆಲ್ಮೆಟ್ ಬಗ್ಗೆ ಬರೆದೂ ಬರೆದೂ ನಮ್ಮ ಕೈ ಸೋತಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಹಾಕದ ದ್ವಿಚಕ್ರ ಸವಾರರು ಮತ್ತು ಹಿಂಬದಿ ಕೂತವರು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ಜುಮಾದ ದಿನ ಪಳ್ಳಿಯ ಮುಂದೆ ನಿಂತು ನೋಡಿ. ಬಿಳಿ ಟೋಪಿ ಹಾಕಿಕೊಂಡಿದ್ದೇವೆ, ಹೆಲ್ಮೆಟ್ ಯಾಕೆ ಎಂಬಂತೆ ಮೂವರು ಒಂದೇ ಬೈಕಿನಿಂದ ಇಳಿಯುತ್ತಾರೆ. ಟೋಪಿ ಜೇಬಿನಲ್ಲಿ ಹಿಡಿಯುತ್ತದೆ. ತಲೆಗೆ ಪೆಟ್ಟು ಬಿದ್ದರೆ ಇಲ್ಲಿಂದ ಶಿವಮೊಗ್ಗ, ಅಲ್ಲೂ ಆಗದಿದ್ದರೆ ಮಣಿಪಾಲ. ಆ ದಾರಿ ಎಷ್ಟು ಉದ್ದ ಎಂದು ಆಂಬುಲೆನ್ಸಿನಲ್ಲಿ ಕೂತವರಿಗೇ ಗೊತ್ತು. ತರಾವೀಹ್ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಗುಂಪು ಕಟ್ಟಿಕೊಂಡು ‘ಒಂದು ರೌಂಡ್’ ಹೋಗುವವರಿಗೆ, ಅಂಜನಾಪುರ ಡ್ಯಾಮಿನ ದಾರಿಯಲ್ಲಿ ರೇಸ್ ಹಚ್ಚುವವರಿಗೆ ಖತೀಬರು ನಾಲ್ಕು ಮಾತು ಹೇಳಲಿ. ದಾರಿಯಲ್ಲಿ ಬಿದ್ದ ಮುಳ್ಳನ್ನು ತೆಗೆಯುವುದೂ ಈಮಾನಿನ ಭಾಗ ಎಂದು ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತ ಮಕ್ಕಳೇ ಇವರು.

ಬ್ರೋಕರ್ ವಿಷಯ ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಫಾರ್ಮ್ ತುಂಬಿಕೊಟ್ಟು ನೂರು, ಇನ್ನೂರು ತೆಗೆದುಕೊಂಡರೆ ಅದು ಅವರ ದುಡಿಮೆ, ನಮ್ಮ ತಕರಾರಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಹಣ ಕಟ್ಟಿ ಕಲಿಯುವುದಂತೂ ಒಳ್ಳೆಯದೇ. ‘ಹುಡುಗ ಬರೋದೇ ಬೇಡ, ಟೆಸ್ಟ್ ನಾವು ನೋಡ್ಕೋತೀವಿ’ ಎನ್ನುವವನ ಮಾತು ಬೇರೆ. ಅವನು ಕೇಳುವ ಸಾವಿರಗಳಲ್ಲಿ ಸರ್ಕಾರದ ಶುಲ್ಕ ಎಷ್ಟು? ಕೇಂದ್ರದ ನಿಯಮದ ಪ್ರಕಾರ ಒಂದು ಬಗೆಯ ಗಾಡಿಗೆ ಎಲ್‌ಎಲ್ 150, ಅದರ ಪರೀಕ್ಷೆಗೆ 50, ಡ್ರೈವಿಂಗ್ ಟೆಸ್ಟಿಗೆ 300, ಲೈಸೆನ್ಸಿಗೆ 200. ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಡ್ಡಿ ಹರಾಮೆಂದು ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಯವರೂ ಇಲ್ಲಿ ಲಂಚಕ್ಕೆ ‘ಖರ್ಚು’ ಎಂದು ಹೆಸರಿಟ್ಟು ಕೊಡುತ್ತಾರೆ. ಕೊಟ್ಟವನೂ ತೆಗೆದುಕೊಂಡವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದು ನಮ್ಮ ಉಸ್ತಾದರು ಕಲಿಸಿದ ಪಾಠ. ಇಪ್ಪತ್ತರ ಹರೆಯದಲ್ಲಿ ಹೀಗೆ ಬಂದ ಕಾರ್ಡು 40 ವರ್ಷ ತುಂಬುವ ತನಕ ನಡೆಯುತ್ತದೆ. ಒಂದು ದಿನವೂ ಪರೀಕ್ಷೆ ಎದುರಿಸದವನು ಎರಡು ದಶಕ ನಮ್ಮ ನಿಮ್ಮ ಮಕ್ಕಳ ಎದುರಿಗೆ ಗಾಡಿ ಓಡಿಸುತ್ತಾನೆ.

ಇಷ್ಟು ಹೊತ್ತೂ ಹುಡುಗ, ಹುಡುಗ ಎಂದೇ ಬರೆದೆವು. ಹೆಣ್ಣುಮಕ್ಕಳ ಮಾತೇನು? ಹಾಲಿಗೂ ಔಷಧಿಗೂ ಹದಿನೈದರ ಹುಡುಗನನ್ನು ಅಟ್ಟುವ ಮನೆಯಲ್ಲೇ ಹತ್ತೊಂಬತ್ತು ವರ್ಷದ, ಡಿಗ್ರಿ ಓದುವ ಮಗಳಿದ್ದಾಳೆ. ಲೈಸೆನ್ಸ್ ಪಡೆಯಲು ಹಕ್ಕಿರುವುದು ಅವಳಿಗೆ, ಗಾಡಿಯ ಕೀಲಿ ಇರುವುದು ಅವನ ಕೈಯಲ್ಲಿ! ನಾವು ಅದಬಿನ ಮಾತಾಡುವಾಗ ಸೌದಿಯನ್ನು ತೋರಿಸುತ್ತಿದ್ದೆವು. ಆ ಸೌದಿಯಲ್ಲೇ 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸುತ್ತಿದ್ದಾರೆ. ನಮ್ಮೂರಿನಲ್ಲೂ ಬುರ್ಖಾ ಹಾಕಿಕೊಂಡು ಸ್ಕೂಟರಿನಲ್ಲಿ ಶಾಲೆಗೆ ಹೋಗುವ ಟೀಚರುಗಳಿದ್ದಾರೆ, ಯಾರೂ ಅವರಿಗೆ ಮರ್ಯಾದೆ ಕಡಿಮೆ ಮಾಡಿಲ್ಲ. ಫೋನ್ ಮಾಡಿದ ಉಮ್ಮನಿಗೂ ನಾವು ಇದನ್ನೇ ಕೇಳಿದೆವು: ನೀವು ಯಾಕೆ ಕಲಿಯಬಾರದು? ಒಂದು ಕ್ಷಣ ಸುಮ್ಮನಿದ್ದು, ‘ಅವರ ಹತ್ರ ಕೇಳ್ಬೇಕು’ ಎಂದರು. ಕೇಳಲಿ. ಕಲಿಯುವ ಹೆಣ್ಣುಮಕ್ಕಳಿಗೆ ಒಂದೇ ಎಚ್ಚರಿಕೆ. ಬುರ್ಖಾದ ಅಂಚು, ದುಪಟ್ಟಾದ ತುದಿ ಚಕ್ರಕ್ಕೆ ಸಿಕ್ಕಿ ಆಗುವ ಅಪಘಾತ ಬಹಳ ಕೆಟ್ಟದ್ದು. ಹತ್ತುವ ಮೊದಲು ಎರಡೂ ಬದಿ ಮಡಚಿ ಪಿನ್ ಹಾಕಿಕೊಳ್ಳಿ. ಹಿಂದೆ ಕೂರುವವರೂ ಹಾಗೆಯೇ ಮಾಡಬೇಕು.

ಕೊನೆಗೆ ನಮ್ಮ ಜಮಾಅತ್ ಕಮಿಟಿಗಳಿಗೆ ಒಂದು ವಿನಂತಿ. ಕಲಿಯಲು ಜಾಗ ಇಲ್ಲದ ಕಾರಣವೇ ಹುಡುಗರು ನೇರ ಮೇನ್ ರೋಡಿಗೆ ಇಳಿಯುತ್ತಿರುವುದು. ಮದ್ರಸದ ಮೈದಾನ ಬೇಸಿಗೆ ರಜೆಯಲ್ಲಿ ಖಾಲಿ ಬಿದ್ದಿರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಭಾನುವಾರ ಬೆಳಗ್ಗೆ ಸುಬಹಿ ಮುಗಿದ ಮೇಲೆ ಎರಡು ಗಂಟೆ ಅದನ್ನು ಬಿಟ್ಟುಕೊಡಿ. ಒಂದು ಚೀಲ ಸುಣ್ಣದ ಪುಡಿ ತಂದು ‘ಎಂಟು’ ಗೆರೆ ಹಾಕಿಸಿ, ನಾಲ್ಕು ಹಳೇ ಟೈರ್ ಇಡಿ. ಎಲ್‌ಎಲ್ ಕೈಯಲ್ಲಿ ಇದ್ದವರಿಗೆ ಮಾತ್ರ ಪ್ರವೇಶ. ಹೆಲ್ಮೆಟ್ ಇಲ್ಲದವರು ಗೇಟಿನ ಹೊರಗೆ. ಹೆಣ್ಣುಮಕ್ಕಳಿಗೆ ಶನಿವಾರ ಬೇರೆ ಸಮಯ, ಕಲಿಸಲು ಸ್ಕೂಟರ್ ಓಡಿಸುವ ನಮ್ಮ ಟೀಚರುಗಳನ್ನೇ ಕರೆಯಿರಿ. ಊರಿನ ಬೇರೆ ಮಕ್ಕಳು ಬಂದರೂ ಬರಲಿ. ಬಸ್ಸು, ಲಾರಿ ಓಡಿಸಿ ಮನೆಯಲ್ಲಿ ಕೂತಿರುವ ಹಿರಿಯ ಡ್ರೈವರುಗಳು ನಮ್ಮಲ್ಲಿ ಪ್ರತಿ ಕೇರಿಯಲ್ಲೂ ಇದ್ದಾರೆ, ಅವರನ್ನು ಒಂದು ಕುರ್ಚಿ ಹಾಕಿ ಕೂರಿಸಿದರೆ ಸಾಕು. ಯಾವ ಜಮಾಅತ್ ಮೊದಲು ಗೆರೆ ಹಾಕಿಸುತ್ತದೋ ಅದರ ಸಮಯ, ಸ್ಥಳವನ್ನು ಈ ಪುಟದಲ್ಲಿ ಉಚಿತವಾಗಿ ಪ್ರಕಟಿಸುತ್ತೇವೆ. ವಿವರ ಬುಧವಾರದೊಳಗೆ ನಮ್ಮ ಕೈ ಸೇರಲಿ.